ಫೀಫಿ ಮಾವನ ಅಸಲಿನ ಗೆರೆ

ನಮ್ಮ ಸಾಲ್ಟ್‌ಪಾಂಡ್ ಊರಿನ ಕಡಲ ಬೀದಿಯಲ್ಲಿ ಒಂದು ಕಾಲಕ್ಕೆ ಮುದುಕರು ಧಾರಾಳವಾಗಿ ಕೆಮ್ಮುತ್ತಿದ್ದರು. ಬೆಳಗ್ಗೆ ಎದ್ದು ಅಂಗಳದಲ್ಲಿ ನಿಂತು, ನೆರೆಹೊರೆಗೆಲ್ಲ ಕೇಳುವಂತೆ ಒಂದು ಸುತ್ತು ಕೆಮ್ಮಿ, ಆಮೇಲೆ ಹಲ್ಲುಜ್ಜುತ್ತಿದ್ದರು. ಈಗ ಒಬ್ಬರೂ ಕೆಮ್ಮುವುದಿಲ್ಲ. ಕೆಮ್ಮು ಬಂದರೆ ಓಡಿಹೋಗಿ ಬಾಯಿಗೆ ಒತ್ತಿಕೊಳ್ಳಲು ದಿಂಬು ಹುಡುಕುತ್ತಾರೆ. ಇದು ಯಾವ ಡಾಕ್ಟರ ಕೈಗುಣವೂ ಅಲ್ಲ, ನನ್ನ ಸೋದರಮಾವ ಫೀಫಿಯ ಕೈಗುಣ.

ಫೀಫಿ ಮಾವನದು ಶಾಮಿಯಾನ ಮತ್ತು ಕುರ್ಚಿ ಬಾಡಿಗೆ ಕೊಡುವ ವ್ಯಾಪಾರ. ಇದಕ್ಕೂ ಮುಂಚೆ ಅವನು ಟ್ಯಾಕ್ಸಿ ಓಡಿಸಿದ, ಫೋನ್ ರಿಪೇರಿ ಮಾಡಿದ, ಮೊಲ ಸಾಕಿದ. ಟ್ಯಾಕ್ಸಿ ನಿಂತುಹೋಯಿತು, ಫೋನುಗಳು ಸತ್ತುಹೋದವು, ಮೊಲಗಳು ಓಡಿಹೋದವು. ಕೊನೆಗೆ ಅವನ ಹೆಂಡತಿ ಅಜೋವಾ ಅತ್ತೆ, ಹೊಗೆಮೀನು ಮಾರಿ ಕೂಡಿಟ್ಟಿದ್ದನ್ನೆಲ್ಲ ಇವನ ಕೈಗಿಟ್ಟು, ನೀಲಿ ಬಿಳಿ ಶಾಮಿಯಾನ ತಾ ಎಂದು ಅಕ್ರಾಕ್ಕೆ ಕಳಿಸಿದಳು. ಮಾವ ಹೋದ, ಚೌಕಾಸಿ ಮಾಡಿದ, ಅರ್ಧ ಬೆಲೆಗೆ ಸಿಕ್ಕಿತೆಂದು ಕುಣಿಯುತ್ತಾ ಬಂದ. ಬಿಚ್ಚಿ ನೋಡಿದರೆ ಕಪ್ಪು ಕೆಂಪು. ನಮ್ಮಲ್ಲಿ ಕಪ್ಪು ಕೆಂಪು ಅಂದರೆ ಸಾವಿನ ಬಣ್ಣ. ಹೀಗಾಗಿ ಮದುವೆಯವರು ಕರೆಯಲಿಲ್ಲ, ಮಗುವಿಗೆ ಹೆಸರಿಡುವವರು ಕರೆಯಲಿಲ್ಲ. ಶನಿವಾರ ಶನಿವಾರ ಹೆಣದ ಮನೆಯವರು ಮಾತ್ರ ಕರೆದರು.

ಅತ್ತೆ ಒಂದು ದಿನ ಮೀನಿನ ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

"ನೋಡು ಫೀಫಿ, ನನ್ನ ದುಡ್ಡು ಸಮುದ್ರಕ್ಕೆ ಹೋಗ್ತಿದೆಯಾ ಪೆಟ್ಟಿಗೆಗೆ ಬರ್ತಿದೆಯಾ ಅಂತ ಈ ತಿಂಗಳು ಮುಗಿಯೋದ್ರೊಳಗೆ ತೋರ್ಸು. ಇಲ್ದಿದ್ರೆ ಶಾಮಿಯಾನ, ಕುರ್ಚಿ, ಗಾಡಿ ಎಲ್ಲಾನೂ ವಿನ್ನೇಬಾದಲ್ಲಿರೋ ನನ್ನ ತಮ್ಮನಿಗೆ ಮಾರ್ತೀನಿ. ನೀನು ಅವನ ಹತ್ರ ಹೋಗಿ ಅದೇ ಕುರ್ಚಿ ಹೊತ್ಕೊಂಡಿರು."

ಮಾವನ ಮುಖ ಬಾಡಿತು. ಆ ತಮ್ಮ ಇವನನ್ನು ಕಂಡಾಗಲೆಲ್ಲ "ಭಾವಯ್ಯಾ, ಮೊಲ ಹೇಗಿವೆ?" ಎಂದು ಕೇಳುವವನು. ಅವನ ಕೈಕೆಳಗೆ ಕುರ್ಚಿ ಹೊರುವುದಕ್ಕಿಂತ ಆ ಕುರ್ಚಿಯ ಮುಂದೆ ತಾನೇ ಹೆಣವಾಗಿ ಮಲಗುವುದು ಮೇಲು ಎಂದು ಮಾವನ ಅಭಿಪ್ರಾಯ.

ಇಂಥ ಹೊತ್ತಿಗೆ ಸರಿಯಾಗಿ ನಾನು ಕೇಪ್ ಕೋಸ್ಟಿನ ಕಾಲೇಜಿಂದ ರಜಕ್ಕೆ ಬಂದಿಳಿದೆ. ನಾನು ಕುಕುವಾ, ಕಾಮರ್ಸು ಮೊದಲನೇ ವರ್ಷ. ಆಗತಾನೇ ಬ್ರೇಕ್ ಈವನ್ ಪಾಠ ಮುಗಿಸಿದ್ದೆ. ಹೊಸದಾಗಿ ಈಜು ಕಲಿತವರು ಬಕೆಟ್ಟು ಕಂಡರೂ ಧುಮುಕುತ್ತಾರೆ. ನನಗೆ ಮಾವ ಸಿಕ್ಕಿದ.

"ಮಾವ, ನೀನು ಸುಮ್ನೆ ಕೂತಿದ್ರೂ ಆಗೋ ಖರ್ಚು ಯಾವ್ದು?"

"ಕೂತಿದ್ರೆ ಏನೇ ಖರ್ಚು? ನಿಮ್ಮತ್ತೆ ಬೈಗುಳ."

"ಅಯ್ಯೋ ಅದಲ್ಲ. ಗೋಡೌನ್ ಬಾಡಿಗೆ, ಗಾಡಿ ಓಡ್ಸೋನ ಸಂಬಳ. ಯಾರೂ ಕರೀದಿದ್ರೂ ಕೊಡ್ಲೇಬೇಕಲ್ಲ? ಅದು ಕೂತ ಖರ್ಚು. ತಿಂಗಳಿಗೆ ಮೂರು ಸಾವಿರ ಸೀಡಿ ದುಡ್ಡು. ಇನ್ನು ಪೆಟ್ರೋಲು, ಕೂಲಿ, ಕುರ್ಚಿ ತೊಳೆಯೋ ಸೋಪು, ಇದೆಲ್ಲ ಓಡೋ ಖರ್ಚು. ಅದನ್ನ ಕಳೆದ್ರೆ ಒಂದು ಕಾರ್ಯಕ್ಕೆ ನಿನ್ನ ಕೈಲಿ ಎಷ್ಟು ನಿಲ್ಲುತ್ತೆ?"

"ಐನೂರು."

"ಮೂರು ಸಾವಿರದಲ್ಲಿ ಐನೂರು ಎಷ್ಟಿವೆ?"

ಮಾವ ಬೆರಳು ಮಡಿಸಿದ. "ಆರು."

"ಅಷ್ಟೇ! ತಿಂಗಳಿಗೆ ಆರು ಕಾರ್ಯ ಆದ್ರೆ ಅಸಲು ಹುಟ್ಟುತ್ತೆ. ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ಅದಕ್ಕೇ ಬ್ರೇಕ್ ಈವನ್ ಅನ್ನೋದು. ಏಳನೇದ್ರಿಂದ ಲಾಭ."

ಮಾವ ಕಣ್ಣೊರೆಸಿಕೊಂಡ. "ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಲ್ಲೇ ಕುಕುವಾ! ಹೇಳಿದ್ದಿದ್ರೆ ಮೊಲಗಳ ಅಸಲು ಎಲ್ಲಿ ಹುಟ್ಟುತ್ತೆ ಅಂತ ನೋಡ್ತಿದ್ದೆ."

ನಾನು ಫೋನಿನ ಮೇಲೆ ಬೆರಳಲ್ಲೇ ಒಂದು ಗ್ರಾಫ್ ಗೀಚಿ ತೋರಿಸಿದೆ. ಚಿಕ್ಕದಾಯಿತು ಎಂದ. ಮಾರನೇ ದಿನ ನಾನು ಏಳುವಷ್ಟರಲ್ಲಿ ಗೋಡೌನಿನ ಬೀದಿಕಡೆಯ ಗೋಡೆಯ ಮೇಲೆ, ತಲೆಯ ಎತ್ತರಕ್ಕೆ, ಒಂದು ಉದ್ದನೆ ಕೆಂಪು ಗೆರೆ ಬಂದಿತ್ತು. ಅದರ ಕೆಳಗೆ ನೆಲದಿಂದ ಒಂದರ ಮೇಲೊಂದು ನಾಲ್ಕು ಕಪ್ಪು ಪಟ್ಟಿ. ಒಂದು ಕಾರ್ಯಕ್ಕೆ ಒಂದು ಪಟ್ಟಿ. ಬೇರೆ ಬಣ್ಣ ತರಬಾರದಿತ್ತೇ ಅಂದರೆ, ಶಾಮಿಯಾನದ ಕಂಬಕ್ಕೆ ಬಳಿದು ಉಳಿದಿದ್ದು ಅದೇ ಎರಡು.

ಮೊದಲು ಆ ದಾರಿಯಲ್ಲಿ ಬಂದವರು ಕ್ವಾನ್ಸಾ ಮೇಷ್ಟ್ರು. ರಿಟೈರಾಗಿ ಬಹಳ ವರ್ಷವಾದರೂ ಯಾವ ಗೋಡೆ ಮೇಲೆ ಏನು ಬರೆದಿದ್ದರೂ ನಿಂತು ತಪ್ಪು ಹುಡುಕುವ ಅಭ್ಯಾಸ ಹೋಗಿರಲಿಲ್ಲ.

"ಏನಯ್ಯಾ ಫೀಫಿ, ಇದು ಯಾವ ದೇಶದ ಬಾವುಟ?"

"ಬಾವುಟ ಅಲ್ಲ ಮೇಷ್ಟ್ರೇ, ಬ್ರೇಕ್ ಈವನ್." ಮಾವ ಕೈ ಕಟ್ಟಿ ನಿಂತ. ಆ ಪದವನ್ನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ ಹೇಳಿದ.

"ಈ ಕಪ್ಪು ಪಟ್ಟಿಗಳು?"

"ತಳದಲ್ಲಿರೋದು ಬಡಗಿ ಮೆನ್ಸಾ. ಅದರ ಮೇಲೆ ಚರ್ಚಲ್ಲಿ ಗಂಟೆ ಹೊಡೀತಿದ್ದೋರು. ಆಮೇಲೆ ಉಪ್ಪಿನ ಮಂಡಿ ಯಜಮಾನ್ರು, ಅವರ ಅತ್ತಿಗೆ."

"ಇವರೆಲ್ಲ ಸತ್ತೋರಲ್ಲಯ್ಯಾ!"

"ಹೌದು ಮೇಷ್ಟ್ರೇ. ಎಷ್ಟು ಚೆನ್ನಾಗಿ ಮೇಲಕ್ಕೆ ಹೋಗ್ತಿದಾರೆ ನೋಡಿ!"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಆ ಕೆಂಪು ಗೆರೆ?"

"ಅಲ್ಲಿಗೆ ಮುಟ್ಟಿದ್ರೆ ನಾನು ಬದುಕಿದೆ. ಇನ್ನು ಎರಡೇ ಎರಡು ಬೇಕು. ತಿಂಗಳ ಕೊನೆ ಒಳಗೆ." ಮಾವ ಒಂದು ನಿಟ್ಟುಸಿರು ಬಿಟ್ಟು, ಹಿರಿಯರ ಹತ್ತಿರ ಬರೀ ತನ್ನ ವಿಷಯವೇ ಆಡಬಾರದೆಂಬ ಮರ್ಯಾದೆಯಿಂದ ಸೇರಿಸಿದ, "ನಿಮ್ಮ ಮಂಡಿನೋವು ಹೇಗಿದೆ ಮೇಷ್ಟ್ರೇ? ಜಾಸ್ತಿ ಆಗಿದೆಯಾ?"

ಮೇಷ್ಟ್ರು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಸೈನಿಕರ ಹಾಗೆ ಹೆಜ್ಜೆ ಹಾಕುತ್ತಾ ಹೊರಟರು. ಮೂಲೆ ತಿರುಗಿದ ಮೇಲೆ "ಅಮ್ಮಾ" ಎಂದು ನರಳಿದ್ದು ನನಗೆ ಕೇಳಿಸಿತು, ಮಾವನಿಗೆ ಕೇಳಿಸಲಿಲ್ಲ.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು.

ಎದುರುಮನೆ ಅರಬಾ ಅಜ್ಜಿ ಬೀದಿಗೇ ಹಿರಿಯಳು. ಅಜ್ಜಿಗೆ ಕೆಮ್ಮು ಹೆಚ್ಚಾದಾಗಲೆಲ್ಲ ಅಜೋವಾ ಅತ್ತೆ ಮೆಣಸು, ಶುಂಠಿ ಹಾಕಿ ಮೀನಿನ ತಿಳಿಸಾರು ಮಾಡಿ ಮಾವನ ಕೈಲಿ ಕಳಿಸುವುದು ನಮ್ಮ ಮನೆಯಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ. ಅವತ್ತೂ ಕಳಿಸಿದಳು. ನಾನು ಹಿಂದೆ ಕೆಂಕಿಯ, ಅಂದರೆ ಜೋಳದ ಹುಳಿಹಿಟ್ಟಿನ ಕಡುಬಿನ, ಪೊಟ್ಟಣ ಹಿಡಿದು ಹೋದೆ.

ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಮಾವನನ್ನೂ ಪಾತ್ರೆಯನ್ನೂ ಬದಲಿಸಿ ಬದಲಿಸಿ ನೋಡಿದಳು.

"ಏನೋ ಅದು?"

"ಸಾರು ಅಜ್ಜಿ. ಕೆಮ್ಮು ಹೇಗಿದೆ?"

"ಯಾವ ಕೆಮ್ಮು? ನಂಗೆ ಯಾವತ್ತೂ ಕೆಮ್ಮಿಲ್ಲ."

"ಬೆಳಗ್ಗೆ ಕೇಳಿಸ್ತಲ್ಲ ಅಜ್ಜಿ."

"ಅದು ಆಡು." ಅಜ್ಜಿ ಗಂಟಲು ಬಿಗಿಹಿಡಿದಳು, ಕಣ್ಣಲ್ಲಿ ನೀರು ಬಂತು, ಆದರೂ ಕೆಮ್ಮಲಿಲ್ಲ. "ನಿನ್ನ ಗೋಡೆಗೆ ಇನ್ನೂ ಎರಡು ಬೇಕಂತೆ?"

"ಹೌದಜ್ಜಿ, ನಿಮ್ಮಂಥೋರ ಆಶೀರ್ವಾದ ಇದ್ರೆ ಆಗ್ಬಿಡುತ್ತೆ."

ಅಜ್ಜಿ ಪಾತ್ರೆ ಇಸಕೊಂಡು ಸೀದಾ ಆಡಿನ ಮುಂದೆ ಇಟ್ಟಳು. ಆಡು ಸಾರು ಕುಡಿಯಿತು, ಮೀನು ಪಕ್ಕಕ್ಕೆ ಎಸೆಯಿತು, ಕೆಂಕಿ ಸುತ್ತಿದ ಬಾಳೆಲೆಯನ್ನೂ ತಿಂದಿತು. ನಾವು ಮೂವರೂ ಆಡನ್ನೇ ನೋಡುತ್ತಾ ನಿಂತೆವು. ಅದು ಹೊಟ್ಟೆ ತುಂಬಿದ ಸುಖಕ್ಕೆ ನೆರಳಲ್ಲಿ ಮಲಗಿ ಕಣ್ಣು ಮುಚ್ಚಿತು.

"ನೋಡ್ದಾ!" ಅಜ್ಜಿ ಎದೆಗೆ ಕೈಯಿಟ್ಟುಕೊಂಡಳು.

"ನಿದ್ದೆ ಮಾಡ್ತಿದೆ ಅಜ್ಜಿ, ಹೊಟ್ಟೆ ನೋಡಿ, ಉಸಿರಾಡ್ತಿದೆ!" ಎಂದೆ ನಾನು.

"ಅದಕ್ಕೆ ವಯಸ್ಸಾಗಿಲ್ಲ ಕಣೇ. ವಯಸ್ಸಾಗಿದ್ರೆ ಗೊತ್ತಾಗ್ತಿತ್ತು."

ಅಲ್ಲಿಂದ ಮುಂದೆ ನಮ್ಮ ಬೀದಿಯ ಆರೋಗ್ಯ ಸುಧಾರಿಸಿದ ರೀತಿ ನೋಡಿದರೆ ಸರ್ಕಾರದವರು ಬಂದು ಅಭ್ಯಾಸ ಮಾಡಬೇಕಿತ್ತು. ಮಾವ ಬರುತ್ತಿದ್ದಾನೆಂದರೆ ಕೋಲುಗಳು ಬಾಗಿಲ ಹಿಂದೆ ಹೋಗುತ್ತಿದ್ದವು. ವರ್ಷಗಟ್ಟಲೆ ಚಾಪೆ ಬಿಡದಿದ್ದವರು ಅಂಗಳ ಗುಡಿಸುತ್ತಿದ್ದರು. ಕ್ವಾನ್ಸಾ ಮೇಷ್ಟ್ರು ಮುಂಜಾನೆ ಸಮುದ್ರದಂಡೆಯಲ್ಲಿ ಓಡತೊಡಗಿದರು. ಒಂದು ಕಾಲು ಓಡುತ್ತಿತ್ತು, ಇನ್ನೊಂದು ಹಿಂದೆ ಬರುತ್ತಿತ್ತು. ಮಾವ ಪಾಪ, ಎಲ್ಲರಿಗೂ "ಏನು ಇಷ್ಟು ಗಟ್ಟಿಯಾಗಿದೀರಾ!" ಎಂದು ಬೆರಗಾಗಿ ಕೇಳುತ್ತಿದ್ದ. ಅವನ ದನಿಯಲ್ಲಿ ನಿರಾಸೆ ಇದೆ ಎಂದು ಅವರು ತಮ್ಮಲ್ಲೇ ಮಾತಾಡಿಕೊಂಡರು.

ಆ ವಾರ ಚರ್ಚಿನ ಹಿಂದಿನ ಬೀದಿಯಲ್ಲಿ ಒಬ್ಬ ಹಣ್ಣು ಮುದುಕರು, ಮಲಗಿದಲ್ಲೇ, ಯಾರ ಸಹಾಯವೂ ಇಲ್ಲದೆ ತೀರಿಕೊಂಡರು. ಮಾವ ಕಪ್ಪು ಬಟ್ಟೆ ಉಟ್ಟು ಹೋದ. ಆ ಮನೆಯ ಮಗ ಬಾಗಿಲಿಗೆ ಅಡ್ಡ ನಿಂತ.

"ನಿನ್ನೆ ಮಧ್ಯಾಹ್ನ ನೀನೆಲ್ಲಿದ್ದೆ?"

"ನಾನಾ? ಕುರ್ಚಿ ತೊಳೀತಿದ್ದೆ."

"ಓಹೋ, ಆಗ್ಲೇ ತೊಳೆದು ರೆಡಿ ಮಾಡ್ಕೊಂಡಿದ್ದೆ ಅನ್ನು!"

ಅವರು ಪಕ್ಕದೂರು ಮಂಕೆಸಿಮ್‌ನಿಂದ ಕುರ್ಚಿ ತರಿಸಿದರು. ಮಾವನ ಗೋಡೆ ನಾಲ್ಕಕ್ಕೇ ನಿಂತಿತು. ಅಜೋವಾ ಅತ್ತೆ ವಿನ್ನೇಬಾಕ್ಕೆ ಫೋನ್ ಹಚ್ಚಿ, ಮಾವನಿಗೆ ಕೇಳಲೆಂದೇ ಗಟ್ಟಿಯಾಗಿ, "ಗಾಡಿ ಯಾವಾಗ ತರ್ತೀಯೋ ತಮ್ಮಾ?" ಎಂದಳು.

ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದು ಮಾವ ನೇರವಾಗಿ ಕೂಡುರಸ್ತೆಯ ಜೋಜೊ ಹತ್ತಿರ ಹೋದ. ಅಲ್ಲಿ ಎತ್ತರದ ಕಂಬಕ್ಕೆ ನಾಲ್ಕು ದಿಕ್ಕಿಗೂ ಸ್ಪೀಕರು ಕಟ್ಟಿದ್ದಾರೆ. ಕಳೆದುಹೋದ ಮಕ್ಕಳು, ಸತ್ತವರು, ಹೊಸದಾಗಿ ಬಂದ ಹಲ್ಲುನೋವಿನ ಔಷಧಿ, ಎಲ್ಲವನ್ನೂ ಜೋಜೊ ಒಂದೇ ದನಿಯಲ್ಲಿ ಕೂಗುತ್ತಾನೆ. ನಾನು ಬೇಡ ಬೇಡ ಎಂದು ಹಿಂದೆ ಓಡುವಷ್ಟರಲ್ಲಿ ಮಾವ ತಾನೇ ಮೈಕು ಹಿಡಿದಾಗಿತ್ತು.

"ಊರಿನ ಹಿರಿಯರಿಗೆ ಫೀಫಿಯ ನಮಸ್ಕಾರ. ನನ್ನ ಮೇಲೆ ಅನುಮಾನ ಬೇಡ. ನಂಗೆ ಯಾರ ಸಾವೂ ಬೇಡ. ಎರಡು ಆದ್ರೆ ಸಾಕು. ಅದೂ ಇಂಥೋರೇ ಆಗ್ಬೇಕು ಅಂತೇನಿಲ್ಲ. ಆರಕ್ಕಿಂತ ಜಾಸ್ತಿ ಆದ್ರೆ ದೇವರ ದಯೆ. ಧನ್ಯವಾದ."

ಜೋಜೊ ಮೈಕು ಕಿತ್ತುಕೊಂಡು, ತನ್ನ ಅಜ್ಜಿ ಇರುವ ದಿಕ್ಕಿನ ಸ್ಪೀಕರಿನ ವೈರನ್ನು ಎಳೆದುಹಾಕಿದ. ತಡವಾಗಿತ್ತು.

ಸಂಜೆಯೇ ಊರ ದೊರೆಯ ಅಂಗಳದಿಂದ ಕರೆ ಬಂತು. ನಮ್ಮಲ್ಲಿ ದೊರೆಯ ಹತ್ತಿರ ಯಾರೂ ನೇರವಾಗಿ ಮಾತಾಡುವಂತಿಲ್ಲ. ನೀವು ದೊರೆಯ ಮಾತುಗಾರನಿಗೆ ಹೇಳಬೇಕು, ಅವನು ಅದಕ್ಕೆ ಉಪ್ಪುಖಾರ ಹಚ್ಚಿ ದೊರೆಗೆ ಒಪ್ಪಿಸಬೇಕು. ಮಾತುಗಾರ ಒಟೂ ಬಂಗಾರದ ಹಿಡಿಯ ಕೋಲು ಹಿಡಿದು ನಿಂತಿದ್ದ. ಅಂಗಳದ ತುಂಬ ಮುದುಕರು. ಒಬ್ಬರೂ ಕೆಮ್ಮುತ್ತಿಲ್ಲ.

"ನಾನು ಬರೀ ಲೆಕ್ಕ ಹಾಕಿದೀನಿ, ಇನ್ನೆರಡು ಕಾರ್ಯ ಕಮ್ಮಿ ಇದೆ ಅಂದೆ ಅಷ್ಟೇ," ಎಂದ ಮಾವ.

ಒಟೂ ದೊರೆಯ ಕಡೆ ತಿರುಗಿ ಕೋಲೆತ್ತಿದ. "ಮಹಾಸ್ವಾಮಿ, ಇವನ ಹಸಿವಿಗೆ ನಾಲ್ಕು ಹೆಣ ಸಾಲದಾಗಿದೆಯಂತೆ. ಇನ್ನೆರಡು ಬಿದ್ದರೆ ಮಾತ್ರ ಹೊಟ್ಟೆ ತಣ್ಣಗಾಗುವುದಂತೆ."

"ಅಯ್ಯೋ, ನಾನು ಹಾಗಂದ್ನಾ?"

"ತಾನು ಅಂದಿದ್ದು ತನಗೇ ನೆನಪಿಲ್ಲವಂತೆ ಮಹಾಸ್ವಾಮಿ."

ನಾನು ಎದ್ದು, "ಇದು ಕಾಲೇಜಲ್ಲಿ ಕಲಿಸೋ ಪಾಠ," ಎಂದೆ. ಒಟೂ ಅದನ್ನು, "ಈ ವಿದ್ಯೆಯನ್ನು ಈಗ ಮಕ್ಕಳಿಗೂ ಹೇಳಿಕೊಡುತ್ತಿದ್ದಾರಂತೆ," ಎಂದು ಒಪ್ಪಿಸಿದ. ಅಂಗಳದಲ್ಲಿ ಗುಸುಗುಸು ಎದ್ದಿತು. ನಾನು ಕೂತೆ.

ಆಗ ಅರಬಾ ಅಜ್ಜಿ ಎದ್ದಳು. ವಯಸ್ಸಿನ ಹಕ್ಕಿನಿಂದ ಒಟೂನನ್ನು ಪಕ್ಕಕ್ಕೆ ಸರಿಸಿದಳು.

"ಲೋ ಫೀಫಿ, ನನ್ನ ಕಣ್ಣು ನೋಡಿ ಹೇಳು. ಐದು ಜನ ಹೋದ್ರೆ?"

"ನಷ್ಟ ಅಜ್ಜಿ."

"ಆರು ಹೋದ್ರೆ?"

"ದುಃಖಾನೂ ಇಲ್ಲ, ಸಂತೋಷಾನೂ ಇಲ್ಲ."

"ಏಳನೆಯವರು?"

ಮಾವ ಸುಳ್ಳು ಹೇಳುವುದರಲ್ಲಿ ಯಾವತ್ತೂ ಪಾಸಾದವನಲ್ಲ. ತಲೆ ತಗ್ಗಿಸಿ, "ಲಾಭ," ಎಂದ.

"ಏಳನೆಯವರು ಯಾರು?" ಎಂದು ಹಿಂದಿನಿಂದ ಕ್ವಾನ್ಸಾ ಮೇಷ್ಟ್ರು ಕೂಗಿದರು. "ಹೆಸರು ಹೇಳ್ಲಿ!" ಅಂಗಳವೆಲ್ಲ ಎದ್ದು ನಿಂತಿತು. ಪ್ರತಿಯೊಬ್ಬರೂ ತಾವೇ ಏಳನೆಯವರೆಂದು ಖಚಿತವಾಗಿ ನಂಬಿದ್ದರು.

ದೊರೆ ಒಟೂನ ಕಿವಿಯಲ್ಲಿ ಏನೋ ಹೇಳಿದರು. ಒಟೂ ಪ್ರಕಟಿಸಿದ: ಮೊದಲನೆಯದು, ಎರಡು ಬಾಟಲಿ ಸಾರಾಯಿ ದಂಡ. ಎರಡನೆಯದು, ತಿಂಗಳು ಮುಗಿದ ಕೂಡಲೇ ಶಾಮಿಯಾನ ಊರು ಬಿಡಬೇಕು.

ಮಾವ ಮೆಲ್ಲಗೆ ನನ್ನ ಕಡೆ ಬಾಗಿದ. "ಕುಕುವಾ, ಈ ಬಾಟಲಿ ಕೂತ ಖರ್ಚಾ ಓಡೋ ಖರ್ಚಾ?"

ಪಕ್ಕದಲ್ಲಿದ್ದ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ದಿನ ತಮ್ಮನಿಗೆ ಮಾರುತ್ತೇನೆ ಎಂದು ಹೆದರಿಸುತ್ತಿದ್ದವಳು ನಿಜವಾಗಿ ಮಾರಬೇಕಾಗಿ ಬಂದಾಗ ಅತ್ತುಬಿಟ್ಟಳು. "ಹೊಗೆಯಲ್ಲಿ ಕಣ್ಣು ಸುಟ್ಕೊಂಡು ಸಂಪಾದಿಸಿದ್ದು ಅಜ್ಜಿ," ಎಂದಳು ಅಷ್ಟೇ.

ಅರಬಾ ಅಜ್ಜಿ ಅತ್ತೆಯನ್ನು ನೋಡಿದಳು. ಅಜ್ಜಿ ಕುಡಿದ ಸಾರೆಲ್ಲ ಆ ಕೈಯಿಂದ ಬಂದದ್ದು. ಮಾವನ ಕಡೆಗೆ ಮಾತ್ರ ಅದೇ ಅನುಮಾನದ ನೋಟ.

"ಲೋ, ನಿನ್ನ ಗೆರೆಗೆ ಹೆಣ ಬೇಕಾ, ಕುರ್ಚಿ ಬಾಡಿಗೆ ಬೇಕಾ?"

"ಬಾಡಿಗೆ ಅಜ್ಜಿ."

"ಕುರ್ಚಿ ಮೇಲೆ ಕೂತೋರು ಅಳ್ಲೇಬೇಕು ಅಂತ ಇದೆಯಾ?"

"ಇಲ್ಲ ಅಜ್ಜಿ. ಸುಮ್ನೆ ಕೂತ್ರೂ ಅದೇ ಬಾಡಿಗೆ."

"ಹಾಗಾದ್ರೆ ಬರೋ ಮಂಗಳವಾರ ನನ್ನ ಹುಟ್ಟುಹಬ್ಬ. ಎಲ್ಲಾ ಕುರ್ಚೀನೂ ನನ್ನ ಅಂಗಳಕ್ಕೆ ಹಾಕು. ಇವನ ಲೆಕ್ಕಾನ ನಾನು ಉಸಿರಾಡ್ತಿರೋವಾಗ್ಲೇ ತುಂಬಿಸ್ಬಿಡ್ತೀನಿ. ತುಂಬಿದ್ಮೇಲೆ ನನ್ನ ತಂಟೆಗೆ ಬರಲ್ವಲ್ಲ!"

"ನಿಮಗೆ ಹುಟ್ಟಿದ ತಾರೀಕು ಗೊತ್ತಾ ಅಜ್ಜಿ?" ಎಂದರು ಮೇಷ್ಟ್ರು, ತಪ್ಪು ಹುಡುಕುವ ಅಭ್ಯಾಸದಿಂದ.

"ಮಂಗಳವಾರ ಹುಟ್ಟಿದ್ದಕ್ಕೇ ಅಲ್ವಾ ಅರಬಾ ಅಂತ ಹೆಸರಿಟ್ಟಿದ್ದು? ಯಾವ ಮಂಗಳವಾರ ಆದ್ರೇನು?"

ನಮ್ಮಲ್ಲಿ ಹುಟ್ಟಿದ ವಾರದ ಮೇಲೆಯೇ ಹೆಸರಿಡುವುದು. ಪ್ರತಿಯೊಬ್ಬರ ಹೆಸರಲ್ಲೂ ಒಂದು ವಾರ ಕೂತಿದೆ ಎಂಬುದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಹಾಗಾದರೆ ಹುಟ್ಟುಹಬ್ಬಗಳಿಗೆ ಕೊರತೆಯೇ ಇಲ್ಲ. ದೊರೆ ಮಾತುಗಾರನನ್ನೂ ಮರೆತು ನೇರವಾಗಿ, "ನಂದು ಗುರುವಾರ!" ಎಂದುಬಿಟ್ಟರು. ಊರು ಬಿಡುವ ಅಪ್ಪಣೆ ಅಲ್ಲೇ ಬಿದ್ದುಹೋಯಿತು. ಬಾಟಲಿಗಳು ಮಾತ್ರ ಉಳಿದವು.

ಮಂಗಳವಾರ ಅಜ್ಜಿಯ ಅಂಗಳದಲ್ಲಿ ಕಪ್ಪು ಕೆಂಪು ಶಾಮಿಯಾನ ಎದ್ದಿತು. ಬಣ್ಣ ಕಾಣದಿರಲೆಂದು ಬೀದಿಯವರ ಬಿಳಿ ಹಾಸಿಗೆ ಬಟ್ಟೆಗಳನ್ನೆಲ್ಲ ಮೇಲೆ ಹೊದಿಸಿದ್ದೆವು. ಹೆಣದ ಮನೆಗೆ ಊದುವ ಬ್ಯಾಂಡಿನವರೇ ಬಂದರು, ಬೇರೆ ಯಾರಿದ್ದಾರೆ? ಅವರು ಅಭ್ಯಾಸಬಲದಿಂದ ಅದೇ ರಾಗ ಎತ್ತಿದರು. ಕೂತಿದ್ದ ಹೆಂಗಸರೂ ಅಭ್ಯಾಸಬಲದಿಂದ ಬಿಕ್ಕತೊಡಗಿದರು. ಮಧ್ಯದ ಕುರ್ಚಿಯಿಂದ ಅಜ್ಜಿ ಗುಡುಗಿದಳು:

"ಯಾರೇ ಅದು ಅಳ್ತಿರೋದು? ನಾನಿನ್ನೂ ಇಲ್ಲೇ ಇದೀನಿ!"

ಶನಿವಾರ ಕ್ವಾನ್ಸಾ ಮೇಷ್ಟ್ರು, ಮಂಡಿ ಇನ್ನೂ ಇದೆ ಎಂಬ ಕಾರಣಕ್ಕೆ, ದೇವರಿಗೆ ಕೃತಜ್ಞತೆಯ ಕೂಟ ಇಟ್ಟುಕೊಂಡರು. ಆರನೇ ಪಟ್ಟಿ ಕೆಂಪು ಗೆರೆಯನ್ನು ಮುಟ್ಟಿತು. ಅಜ್ಜಿ ಎದುರಿಗೇ ನಿಂತು, ಆ ಎರಡು ಪಟ್ಟಿಗಳಿಗೆ ಸುಣ್ಣ ಬಳಿಸಿದಳು. "ಬದುಕಿರೋರದ್ದು ಬಿಳಿ. ಬೆರೆಸ್ಬೇಡ."

ಮುಂದಿನ ತಿಂಗಳುಗಳಲ್ಲಿ ಮಾವ ಒಂದನೇ ತಾರೀಕು ಪಟ್ಟಿ ಅಳಿಸಿ ಹೊಸದಾಗಿ ಶುರುಮಾಡಿದ, ಊರೇ ಲೆಕ್ಕ ಇಟ್ಟಿತು. ಗೆರೆಗೆ ಒಂದೆರಡು ಕಮ್ಮಿ ಬಿದ್ದರೆ ಮುದುಕರು ತಾವಾಗಿಯೇ ಸೇರಿ, ಯಾರಿಗೆ ಹುಟ್ಟುಹಬ್ಬ ಬಂದಿದೆ ಎಂದು ತೀರ್ಮಾನಿಸುತ್ತಿದ್ದರು. ಅತ್ತೆಯ ಮುಖದಲ್ಲಿ ನಗು ಬಂತು. ನಗು ಕಂಡು ಮಾವನಿಗೆ ಧೈರ್ಯ ಬಂತು. ಧೈರ್ಯ ಬಂದರೆ ಮಾವ ಏನಾದರೂ ಕೊಳ್ಳುತ್ತಾನೆ. ಒಂದು ಜನರೇಟರು, ಅದಕ್ಕೆ ತಕ್ಕ ಮೈಕು ಸೆಟ್ಟು, ಕಂತಿನ ಮೇಲೆ ತರುತ್ತೇನೆ ಎಂದು ಸಾರಿದ.

ಅರ್ಧ ಗಂಟೆಯಲ್ಲಿ ಗೋಡೆಯ ಮುಂದೆ ಗುಂಪು. ಅಜ್ಜಿ ಮುಂದಾಳು.

"ಕಂತು ತಿಂಗಳಿಗೆಷ್ಟು?"

"ಸಾವಿರ ಸೀಡಿ ಅಜ್ಜಿ."

"ಯಾರೂ ಕರೀದಿದ್ರೂ ಕಟ್ಬೇಕಾ?"

"ಹೌದು."

"ಹಾಗಾದ್ರೆ ಅದು ಕೂತ ಖರ್ಚು. ಗೆರೆ ಎಲ್ಲಿಗೆ ಹೋಗುತ್ತೆ?"

ಮಾವ ಬೆರಳು ಮಡಿಸುವಷ್ಟರಲ್ಲಿ ಮುದುಕರೆಲ್ಲ ಒಂದೇ ಕಂಠದಲ್ಲಿ ಕೂಗಿದರು: "ಎಂಟಕ್ಕೆ!"

ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆಗೆ ಅರ್ಧ ಜನ ತಪ್ಪು ಬರೆದಿದ್ದರು.

"ಆ ಇನ್ನೆರಡು ಯಾರು?" ಎಂದಳು ಅಜ್ಜಿ. ಮಾವ ಅವತ್ತೇ ಜನರೇಟರಿನವರಿಗೆ ಫೋನ್ ಮಾಡಿ ಬೇಡ ಎಂದ. ಅಂದಿನಿಂದ ಅಜ್ಜಿ ದಿನಾ ಬೆಳಗ್ಗೆ ನಮ್ಮದೇ ಒಂದು ಕುರ್ಚಿಯನ್ನು ಬಾಡಿಗೆಯಿಲ್ಲದೆ ಗೋಡೆಯ ಮುಂದೆ ಹಾಕಿಸಿಕೊಂಡು, ಗೆರೆ ಮೇಲೆ ಸರಿದಿಲ್ಲ ತಾನೇ ಎಂದು ಕಾವಲು ಕೂರುತ್ತಾಳೆ.

ಮೊನ್ನೆ ನಾನು ಮತ್ತೆ ರಜಕ್ಕೆ ಬಂದಾಗ ತಿಂಗಳ ಕೊನೆ ಹತ್ತಿರವಾಗಿತ್ತು. ಮಳೆಯಲ್ಲಿ ಶಾಮಿಯಾನ ಬಿಚ್ಚಿ ನೆನೆದಿದ್ದ ಮಾವ ಬೆಳಗ್ಗೆ ಅಂಗಳಕ್ಕೆ ಬಂದು ಮೈಮುರಿದು ಒಂದು ಸಲ ಕೆಮ್ಮಿದ. ಒಣಕೆಮ್ಮು, ಸ್ವಲ್ಪ ಉದ್ದ.

ಬೀದಿಯ ಕಿಟಕಿಗಳೆಲ್ಲ ತೆರೆದವು. ಸಮುದ್ರದ ಕಡೆಯಿಂದ ಓಡಿಬರುತ್ತಿದ್ದ ಕ್ವಾನ್ಸಾ ಮೇಷ್ಟ್ರು ನಿಂತರು. ಅರಬಾ ಅಜ್ಜಿ ಕುರ್ಚಿಯಲ್ಲಿ ಕೂತಲ್ಲೇ ಗೋಡೆಯ ಪಟ್ಟಿಗಳನ್ನು ಒಂದೊಂದಾಗಿ ನೋಡಿದಳು. ಐದಿದ್ದವು. ಆಮೇಲೆ ಮಾವನ ಕಡೆ ತಿರುಗಿದಳು. ಎಂದೂ ಇಲ್ಲದ ಅಕ್ಕರೆ.

"ಫೀಫಿ, ಮಗಾ, ಕೆಮ್ಮು ಹೇಗಿದೆ? ಒಂಚೂರು ಸಾರು ಕಳಿಸ್ಲಾ?"

ಮಾವ ಒಳಗೆ ಓಡಿದ. ನಾನು ಹಿಂದೆ ಹೋಗಿ ನೋಡಿದರೆ ದಿಂಬು ಹುಡುಕುತ್ತಿದ್ದ.